ಮೊಟ್ಟೆಯ ಹಳದಿ

ಗಂಡನಿಗೆ ಕೊಲೆಸ್ಟ್ರಾಲ್ ಹೆಚ್ಚಿದೆಯೆಂದು ಗೊತ್ತಾದ ದಿನದಿಂದ ತಾಯಮ್ಮ ಅವನಿಗೆ ಬೇಯಿಸಿದ ಮೊಟ್ಟೆಯ ಬಿಳಿಯನ್ನಷ್ಟೇ ಬಡಿಸುತ್ತಿದ್ದಳು. ಹಳದಿಯನ್ನು ಚೆಲ್ಲಲು ಮನಸ್ಸಾಗದೆ, ತುಪ್ಪದಲ್ಲಿ ಮೆಣಸು ಹಾಕಿ ಹುರಿದು ತಾನೇ ತಿನ್ನುತ್ತಿದ್ದಳು.

"ತಿನ್ನು, ಹೆಂಗಸ್ರಿಗೆ ಏನೂ ಆಗಕಿಲ್ವಂತೆ. ಡಾಕ್ಟ್ರೇ ಹೇಳವ್ರೆ," ಎನ್ನುತ್ತ ಗಂಡ ಒಲೆಯ ಪಕ್ಕದಲ್ಲೇ ಕೂರುತ್ತಿದ್ದ.

ಆರನೇ ವರ್ಷ ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿದವಳು ತಾಯಮ್ಮ.

"ಮುಟ್ಟು ನಿಲ್ಲೋವರೆಗೆ ಹೆಂಗಸರ ರಕ್ತನಾಳಕ್ಕೆ ಒಂದಿಷ್ಟು ರಕ್ಷಣೆ ಇರುತ್ತೆ, ಆಮೇಲೆ ಇರಲ್ಲ. ನೀವೂ ಪಥ್ಯ ಮಾಡಬೇಕು ಅಂತ ನಿಮ್ಮ ಯಜಮಾನ್ರಿಗೆ ಅವತ್ತೇ ಹೇಳಿದ್ದೆನಲ್ಲಮ್ಮ," ಎಂದರು ಡಾಕ್ಟರು.

ತಾಯಮ್ಮ ಗಂಡನ ಕಡೆ ತಿರುಗಿದಳು. "ಯಾಕೆ ಮುಚ್ಚಿಟ್ರಿ?"

ಅವನು ತಲೆ ತಗ್ಗಿಸಿದ. "ಅಮ್ಮೀ, ನೀನೂ ಬಿಟ್ಬಿಟ್ಟಿದ್ರೆ ಮನೇಲಿ ಆ ಹಳದಿ ಹುರಿಯೋ ವಾಸ್ನೆನೂ ಇರ್ತಿರ್ಲಿಲ್ವಲ್ಲ."