ಎರ್ರೆಮ್ಮನ ಪಾಲಿನ ಅಂಕಿ

ನನ್ನಂಥವರು ಹೇಳಹೊರಡಬಾರದ ಕಥೆ ಇದು. ಫೋನಿನಲ್ಲಿ ಹಣ ಕಳಿಸುವ ಕಂಪನಿಗಳ ಒಳಗಿನ ವಿಚಾರ ನನಗೆ ತಿಳಿಯದು. ಲಲಿತಾ ಎರಡು ಸಲ ಬಿಡಿಸಿ ಹೇಳಿದರೂ ಅರ್ಧವೇ ತಲೆಗೆ ಹೋಯಿತು. ತಪ್ಪಿದ್ದರೆ ಬಲ್ಲವರು ಮನ್ನಿಸಬೇಕು.

ಕಂಪ್ಲಿಯ ರೊಟ್ಟಿ ಕೇಂದ್ರದ ಬಾಗಿಲಲ್ಲಿ ಗಿರಣಿಯ ಹಂಪಯ್ಯ ತಾನು ತಂದ ಜೋಳದ ಹಿಟ್ಟಿನ ಚೀಲಗಳ ಮೇಲೇ ಕೂತುಬಿಟ್ಟಿದ್ದ. ದುಡ್ಡು ಬರುವವರೆಗೆ ಚೀಲ ಒಳಗೆ ಹೋಗಕೂಡದೆಂದು ಅವನ ಹಟ. ಖಾತೆಯಲ್ಲಿ ದುಡ್ಡಿತ್ತು, ಫೋನಿನಲ್ಲಿ ಚಾರ್ಜಿತ್ತು, ನೆಟ್‌ವರ್ಕೂ ಇತ್ತು. ಇಲ್ಲದಿದ್ದದ್ದು ಎರ್ರೆಮ್ಮ ಮಾತ್ರ.

ಒಳಗೆ ನೋಟ್‌ಬುಕ್ ಹಿಡಿದು ಕೂತಿದ್ದ ಲಲಿತಾಗೆ ಇದೇನೆಂದು ಅರ್ಥವಾಗಲಿಲ್ಲ. ಅವಳು ಫೋನಿನಲ್ಲಿ ಹಣ ಕಳಿಸುವ ಅಂಥದೇ ಒಂದು ಕಂಪನಿಯ ಪರವಾಗಿ ಹೊಸಪೇಟೆಯ ಅಂಗಡಿ ಅಂಗಡಿ ಅಲೆದು ಕ್ಯೂಆರ್ ಚೀಟಿ ಅಂಟಿಸುವವಳು. ಮರುದಿನ ಹನ್ನೊಂದಕ್ಕೆ ಅದೇ ಕಂಪನಿಯಲ್ಲಿ ಪ್ರಾಡಕ್ಟ್ ಮ್ಯಾನೇಜರ್ ಕೆಲಸಕ್ಕೆ ಸಂದರ್ಶನ. ಆ್ಯಪ್ ಹೇಗಿರಬೇಕೆಂದು ತೀರ್ಮಾನಿಸುವ ಕೆಲಸವದು. ಸಿಕ್ಕರೆ ಬಿಸಿಲಿನ ತಿರುಗಾಟ ತಪ್ಪುತ್ತದೆ. ಹೋದ ವರ್ಷದ ಸಂದರ್ಶನದಲ್ಲಿ, “ವಯಸ್ಸಾದವರಿಗಾಗಿ ನಮ್ಮ ಆ್ಯಪನ್ನು ಹೇಗೆ ಸುಧಾರಿಸುತ್ತೀರಿ?” ಎಂದು ಕೇಳಿದಾಗ, “ಅಕ್ಷರ ದಪ್ಪ ಮಾಡ್ತೀನಿ” ಎಂದಿದ್ದಳು. ಬಳಸುವವರ ಕಷ್ಟ ಅರಿಯುವ ಪ್ರಾಡಕ್ಟ್ ಸೆನ್ಸ್ ಸಾಲದೆಂದು ವಾಪಸು ಕಳಿಸಿದ್ದರು. ಇದು ಎರಡನೆಯ ಅವಕಾಶ, ಮೂರನೆಯದು ಇಲ್ಲ. ಯೂಟ್ಯೂಬಿನ ಒಬ್ಬ ಮೇಷ್ಟ್ರು ಹೇಳಿದ್ದರು: ಬಳಸುವವರ ಪಕ್ಕ ಹೋಗಿ ಕೂತುಕೊಳ್ಳಿ, ಏನನ್ನೂ ಕಲಿಸಬೇಡಿ, ಐದು ಸಲ ‘ಯಾಕೆ’ ಎಂದು ಕೇಳಿ. ಅದಕ್ಕೇ ಅವಳು ಇಲ್ಲಿಗೆ ಬಂದಿದ್ದಳು.

“ಎರ್ರೆಮ್ಮ ಇಲ್ದಿದ್ರ ಯಾಕ ದುಡ್ಡು ಹೋಗಲ್ಲಮ್ಮ?” ಎಂದಳು ಲಲಿತಾ.

“ಆಕಿ ಅಂಕಿ ಆಕಿ ಹತ್ರ ಐತಲ್ಲ!” ಹಂಚು ಒರೆಸುತ್ತಿದ್ದ ಉಚ್ಚೆಂಗಮ್ಮ ಇಷ್ಟೂ ಗೊತ್ತಿಲ್ಲವೇ ಎಂಬಂತೆ ನೋಡಿದಳು. ಫೋನು, ಖಾತೆ ಎರಡೂ ಅವಳ ಹೆಸರಿನವು. “ಪಿನ್ನಿಗೆ ನಾಕು ಅಂಕಿ, ಕೇಂದ್ರಕ್ಕ ನಾವು ನಾಕು ಮಂದಿ. ಒಬ್ಬೊಬ್ರದು ಒಂದೊಂದು. ನಂದು ಮೊದಲ್ನೇದು, ಎರ್ರೆಮ್ಮಂದು ಕಡೀದು.”

“ಯಾಕ ಹಂಗ?”

“ಯಾರಿಗೂ ಹೇಳಬ್ಯಾಡ್ರಿ ಅಂದಾರ ಬ್ಯಾಂಕಿನೋರು. ನಾವು ಒಬ್ರಿಗೊಬ್ರೂ ಹೇಳಿಲ್ಲ.”

“ಯಾಕ, ನೀವೊಬ್ರೇ ಇಟ್ಕೋಬೌದಿತ್ತಲ್ಲ?”

ಮೂಲೆಯಲ್ಲಿದ್ದ ದ್ಯಾಮಕ್ಕ ನಕ್ಕುಬಿಟ್ಟಳು. “ಅಯ್ಯ, ಮೊದ್ಲು ಹಂಗಾ ಇತ್ತು ತಗಾ! ಇಕಿ ಗಂಡ ಗದರಿಸಿ ಕೇಳಿದ, ಇಕಿ ಹೇಳಿದ್ಲು. ಒಂದು ತಿಂಗಳ ರೊಟ್ಟಿ ಇಸ್ಪೀಟಿಗೆ ಹೋತು.”

“ಈಗ್ಲೂ ಕೇಳ್ತಾನ,” ಎಂದಳು ಉಚ್ಚೆಂಗಮ್ಮ. “ನಂಗ ಗೊತ್ತಿಲ್ಲ ಅಂತೀನಿ. ಸುಳ್ಳು ಹೇಳಾಕ ನಂಗ ಬರಂಗಿಲ್ಲವ್ವ. ಇದು ಸುಳ್ಳಲ್ಲ.”

ಲಲಿತಾ ಬರೆಯುತ್ತಿದ್ದ ಪೆನ್ನು ನಿಂತಿತು. ಆದರೂ ಐದು ‘ಯಾಕೆ’ಗಳ ಲೆಕ್ಕ ತಪ್ಪಬಾರದೆಂದು, “ಮತ್ತ ಯಾಕ...” ಎಂದು ಶುರುಮಾಡಿದಳು.

“ಇನ್ನೊಂದ್ ಸಲ ಯಾಕ ಅಂದ್ರ ರೊಟ್ಟಿ ಬಡಿಯಾಕ ಕುಂದ್ರಸ್ತೀನಿ ನೋಡು,” ಎಂದಳು ದ್ಯಾಮಕ್ಕ.

ಎರ್ರೆಮ್ಮ ಬಂಡ್ರಿಯ ಮಗಳ ಮನೆಗೆ ಹೋಗಿದ್ದಳು. ಫೋನ್ ಮಾಡಿದರೆ, “ಬಸ್ಸು ಹತ್ತೀನಿ. ಐವತ್ತು ಮಂದಿ ಕಿವಿ ಅದಾವ ಇಲ್ಲಿ, ಅಂಕಿ ಹೇಳಲ್ಲ, ಬಂದಾ ಒತ್ತತೀನಿ,” ಎಂದು ಇಟ್ಟುಬಿಟ್ಟಳು. ಹಂಪಯ್ಯ ಆಕಳಿಸಿದ. ಲಲಿತಾಗೆ ಇನ್ನು ತಡೆದುಕೊಳ್ಳಲಾಗಲಿಲ್ಲ.

“ಎಟಿಎಂ ಕಾರ್ಡ್ ಇದ್ರ ಹೊಸಾ ಪಿನ್ ಮಾಡಬೌದಮ್ಮ. ಎರಡು ನಿಮಿಷದ ಕೆಲಸ.”

ಇಲ್ಲಿಯವರೆಗೆ ತುಟಿ ಬಿಚ್ಚದೆ ರೊಟ್ಟಿ ಎಣಿಸುತ್ತಿದ್ದ ತಾಯಕ್ಕ ಎಣಿಕೆ ಬಿಟ್ಟು ತಲೆಯೆತ್ತಿದಳು. “ಅಂದ್ರ, ಎರ್ರೆಮ್ಮ ಇಲ್ದಂಗ ನಾವು ದುಡ್ಡು ತೆಗೀಬೌದು?”

“ಹೂಂ.”

“ನಾ ಇಲ್ದಂಗ ಇವ್ರು?”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಲಿಸಬೇಡಿ ಎಂದು ಮೇಷ್ಟ್ರು ಯಾಕೆ ಹೇಳಿದ್ದರೆಂದು ಲಲಿತಾಗೆ ಆಗ ಹೊಳೆಯಿತು. ಉಚ್ಚೆಂಗಮ್ಮ ಎದ್ದು ಡಬ್ಬಿಯಿಂದ ಕಾರ್ಡ್ ತೆಗೆದಳು. ಒಲೆ ಮುಂದಿನ ಕತ್ತರಿಯಿಂದ ಅದನ್ನು ಕಚಕ್ಕೆಂದು ಎರಡು ತುಂಡು ಮಾಡಿದಳು. “ಈ ಮಾತು ನನ್ನ ಗಂಡನ ಕಿವಿಗೆ ಬೀಳಬಾರದು ನೋಡವ್ವ,” ಎಂದು ಮತ್ತೆ ಹಂಚು ಒರೆಸತೊಡಗಿದಳು.

ಮೂರು ತಾಸಿನ ಮೇಲೆ ಎರ್ರೆಮ್ಮ ಬೆವರುತ್ತ ಬಂದಳು. ಫೋನು ಕೈಯಿಂದ ಕೈಗೆ, ಸೆರಗಿನಿಂದ ಸೆರಗಿನೊಳಕ್ಕೆ ದಾಟಿತು. ಹಂಪಯ್ಯನ ಫೋನು ಕುಂಯ್ ಎಂದಿತು, ಅವನು ಚೀಲದಿಂದ ಎದ್ದ.

ಮರುದಿನ ಹೊಸಪೇಟೆ ಬಳಿಯ ಟಿ.ಬಿ. ಡ್ಯಾಂನ ತನ್ನ ಮನೆಯಲ್ಲಿ ಲಲಿತಾ ಲ್ಯಾಪ್‌ಟಾಪ್ ಮುಂದೆ ಕೂತು, ಪರದೆಯೊಳಗಿನ ಮೂರು ಮುಖಗಳಿಗೆ ಎಲ್ಲವನ್ನೂ ಹೇಳಿದಳು.

“ಸರಿ, ಇದಕ್ಕೆ ನಿಮ್ಮ ಪರಿಹಾರ?” ಎಂದರು ನಡುವಿನವರು.

“ಅವರದ್ದನ್ನು ಕೆಡಿಸಬಾರದು ಅನಿಸಿತು ಸರ್. ಬೇಕೆಂದವರಿಗೆ ನಾವೇ ಅಂಥದೊಂದು ಮಾಡಿಕೊಡಬಹುದು. ನಾಲ್ಕು ಜನ ಒಪ್ಪಿದರೆ ಮಾತ್ರ ದುಡ್ಡು ಹೋಗುವ ಹಾಗೆ.”

“ಒಂದು ಪಾವತಿಗೆ ಎಷ್ಟು ಹೊತ್ತಾಯಿತು ಅಂದಿರಿ?”

“ಮೂರು ತಾಸು ಸರ್. ಹೊಸಪೇಟೆಯಲ್ಲಿ ಕಂಪ್ಲಿ ಬಸ್ಸು ತಕ್ಷಣ ಸಿಕ್ಕಿದ್ದಕ್ಕೆ.”

“ನಮ್ಮದು ಮೂರು ಸೆಕೆಂಡ್, ಗೊತ್ತಲ್ಲ? ಇರಲಿ. ಪೂರ್ತಿ ಪಿನ್ ಗೊತ್ತಿರುವುದು ಯಾರಿಗೆ?”

“ಯಾರಿಗೂ ಇಲ್ಲ ಸರ್.”

ಮೂರೂ ಮುಖಗಳು ಇದ್ದಂತೆಯೇ ನಿಂತುಬಿಟ್ಟವು. ನಡುವಿನವರ ಬಾಯಿ ಅರ್ಧ ತೆರೆದಿತ್ತು. ಅವರು ಯೋಚನೆಗೆ ಬಿದ್ದರೋ, ನಗಲು ಹೊರಟಿದ್ದರೋ, ಡ್ಯಾಂನ ನೆಟ್‌ವರ್ಕೇ ಹೋಯಿತೋ ಲಲಿತಾಗೆ ತಿಳಿಯಲಿಲ್ಲ. ಎಲ್ಲಿ ಅಲುಗಾಡಿದರೆ ಕೆಲಸ ತಪ್ಪುತ್ತದೋ ಎಂದು ತಾನೂ ಹಾಗೆಯೇ ಕಲ್ಲಾಗಿ ಕೂತಳು. ಕೆಲಸದ ಬಗ್ಗೆ ಕಂಪನಿಯ ಉತ್ತರ ಇನ್ನೂ ಬಂದಿಲ್ಲ. ಏನಾಯಿತೆಂದು ನನಗೂ ಗೊತ್ತಿಲ್ಲ.