ಸರೇಸಿನ ಪಾತ್ರೆ

ಅವಳ ಹತ್ತಿರ ಒಂದು ಉತ್ತರ ಇರಲಿಲ್ಲ. ಸಂಶೋಧನಾ ಪತ್ರಿಕೆಯ ಪರಿಶೀಲಕ ಒಂಬತ್ತು ಪ್ರಶ್ನೆ ಕೇಳಿದ್ದ. ಎಂಟಕ್ಕೆ ಬರೆದಿದ್ದಳು, ನಾಲ್ಕನೆಯದು ಹಾಗೇ ಉಳಿದಿತ್ತು. ಸೋಮವಾರ ಕಡೇ ದಿನ. ಲೇಖನ ಹೋದರೆ ಪಿಎಚ್‌ಡಿಯೂ ಅದರ ಹಿಂದೆಯೇ ಹೋಗುತ್ತಿತ್ತು. ಹನ್ನೆರಡು ಸಾವಿರ ವರ್ಷದ ಹಿಂದೆ ನಿರ್ವಂಶವಾದ ಒಂದು ಜಾತಿಯ ಕಾಡುಕೋಣದ ಎಲುಬಿನಲ್ಲಿ ಹಸುವಿನ ಡಿಎನ್‌ಎ ಸಿಕ್ಕಿದೆ, ಅಂದರೆ ಎರಡೂ ಜಾತಿ ಆಗ ಕೂಡಿದ್ದವು ಎಂದು ಅವಳ ವಾದ. ಪರಿಶೀಲಕ ಕೇಳಿದ್ದು ಇಷ್ಟೇ: ಈ ಹಸು ಈಗಿನ ಡೈರಿ ತಳಿ. ಆ ತಳಿ ಹುಟ್ಟಿ ಇನ್ನೂರು ವರ್ಷವೂ ಆಗಿಲ್ಲ. ಅದು ಅಲ್ಲಿಗೆ ಹೇಗೆ ಹೋಯಿತು?

ಕಾಡುಕೋಣದ ಹನ್ನೆರಡು ತಲೆಬುರುಡೆಗಳಲ್ಲಿ ಹನ್ನೊಂದನ್ನು ಅವಳು ಕೊರೆದಾಗಿತ್ತು. ಹಳೆಯ ಡಿಎನ್‌ಎ ಚೆನ್ನಾಗಿ ಉಳಿಯುವುದು ಕಿವಿಯೊಳಗಿನ ಗಟ್ಟಿ ಎಲುಬಿನಲ್ಲಿ. ಅದನ್ನು ಕಿತ್ತು ಪುಡಿ ಮಾಡಬೇಕು. ಎಡಗಿವಿ ಪರೀಕ್ಷೆಗೆ, ಬಲಗಿವಿ ಖಾತ್ರಿಗೆ. ಉಳಿದ ಹನ್ನೆರಡನೆಯದನ್ನು ತರಲು ಶನಿವಾರ ಮಧ್ಯಾಹ್ನ ಮ್ಯೂಸಿಯಮ್ಮಿನ ನೆಲಮಾಳಿಗೆಗೆ ಇಳಿದಳು. ಶನಿವಾರ ಅವಳು ಅಲ್ಲಿಗೆ ಬಂದದ್ದು ಅದೇ ಮೊದಲು. ಬಾಗಿಲು ತೆಗೆಯುತ್ತಲೇ ಮೂಗು ಮುಚ್ಚಿಕೊಂಡಳು. ಒದ್ದೆ ಚರ್ಮ ಬೇಯುವ ವಾಸನೆ.

ಮೂಲೆಯಲ್ಲಿ ಅವಳ ಸೋದರಮಾವ ಕರೆಂಟು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ದಪ್ಪ ತಳದ ಪಾತ್ರೆಯಲ್ಲಿ ಏನೋ ಕದಡುತ್ತಿದ್ದ. ಮೂವತ್ತೊಂದು ವರ್ಷದಿಂದ ಅವನೇ ಇಲ್ಲಿನ ಉಗ್ರಾಣಿ. ಮುಂದಿನ ತಿಂಗಳು ನಿವೃತ್ತಿ. ಅವಳಿಗೆ ಈ ಎಲುಬುಗಳನ್ನು ಕೊಡಿಸಲು ಮೇಲಧಿಕಾರಿಯ ಬಾಗಿಲಲ್ಲಿ ಮೂರು ತಿಂಗಳು ನಿಂತವನೂ ಅವನೇ.

"ಬಂದ್ಯಾ? ಏನು, ನಿನ್ನ ಕೋಣಕ್ಕೂ ಹಸುವಿಗೂ ಬೀಗತನ ಗಟ್ಟಿ ಆಯ್ತಾ?" ನಾಲ್ಕು ವರ್ಷದಿಂದ ದಿನಾ ಇದೇ ಮಾತು.

"ತಲೆ ತಿನ್ಬೇಡ ಮಾವ. ಏನಿದು ನಾತ?"

"ಸರೇಸು. ಅಂಟು ಕಣೇ. ಶನಿವಾರ ಯಾರೂ ಬರಲ್ಲ, ವಾಸನೆ ಅಂತ ಗೊಣಗೋರು ಇರಲ್ಲ, ಅದಕ್ಕೆ ಇವತ್ತೇ ಕಾಯಿಸೋದು."

ಅವಳು ಪಾತ್ರೆಯೊಳಗೆ ಇಣುಕಿದಳು. ಕಂದು ಗಂಜಿಯಂಥದ್ದು ಲೊಚಲೊಚ ಎನ್ನುತ್ತಿತ್ತು. "ಯಾವುದರಿಂದ ಮಾಡ್ತಾರೆ ಇದನ್ನ?"

"ಇನ್ಯಾವುದರಿಂದ? ಹಸುವಿನ ಚರ್ಮ, ಗೊರಸು, ಎಲುಬಿನ ಚೂರು. ಈಗಿನ ಟ್ಯೂಬ್ ಅಂಟು ಎರಡು ವರ್ಷಕ್ಕೆ ಹಳದಿ ಆಗುತ್ತೆ. ಇದು ನನ್ನ ಮೊಮ್ಮಕ್ಕಳ ಕಾಲಕ್ಕೂ ಜಗ್ಗಲ್ಲ."

ಅವಳು ಅಲ್ಲೇ ಇದ್ದ ಮರದ ಪೆಟ್ಟಿಗೆಯ ಮೇಲೆ ಕೂತಳು. "ಬುರುಡೆಗೆ ಹಚ್ಚಿದ್ದೀಯಾ?"

"ಹಚ್ಚಿದ್ರೆ ಏನು ಸಾಕಾಗುತ್ತೆ? ನೀರಾಗಿ ಕಾಯಿಸಿ, ಬುರುಡೇನೇ ಮೂರು ದಿನ ಮುಳುಗಿಸಿಡಬೇಕು. ಸಂದುಗೊಂದೆಲ್ಲ ಕುಡಿಯುತ್ತೆ. ಇಲ್ಲದಿದ್ರೆ ನಿನ್ನ ಡ್ರಿಲ್ಲು ತಾಗಿದ ಕೂಡಲೇ ರವೆ ಆಗ್ತಿತ್ತು. ಎಲ್ಲಾ ಹನ್ನೊಂದಕ್ಕೂ ಮಾಡಿದ್ದೀನಿ, ನೀನು ಬರೋಕ್ಕೆ ಮುಂಚೇನೇ."

"ಮಾವ." ಅವಳ ದನಿ ಏರಲಿಲ್ಲ. "ನನಗೆ ಸಿಕ್ಕಿದ ಹಸು ಈ ಪಾತ್ರೇದು. ಬೀಗತನ ಮಾಡಿಸಿದೋನು ನೀನೇ."

ಅವನು ಕೈ ನಿಲ್ಲಿಸಿದ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನಿಗೆ ಸಿಟ್ಟೇ ಬಂತು. "ಅಲ್ವೇ, ನಾಲ್ಕು ವರ್ಷ ಇದೇ ಮೇಜಿನ ಮೇಲೆ ಟೀ ಕುಡಿದಿದ್ದೀಯ. ಒಂದು ದಿನ ಕೇಳಿದ್ಯಾ, ಮಾವ ಇದಕ್ಕೆ ಏನು ಹಾಕಿದ್ದೀಯ ಅಂತ?"

"ರಿಜಿಸ್ಟರಿನಲ್ಲಿ ಇರಲಿಲ್ಲ. ಎಲ್ಲಾ ಪುಟ ನೋಡಿದ್ದೀನಿ."

"ಎಲ್ಲಿ ಬರೀಲಿ? ಅದರಲ್ಲಿರೋದು ಎರಡೇ ಕಾಲಮ್ಮು. ಬಂದದ್ದು, ಹೋದದ್ದು. ಗಟ್ಟಿ ಮಾಡೋದು ಬರೋದೂ ಅಲ್ಲ, ಹೋಗೋದೂ ಅಲ್ಲ. ಇನ್ನೊಂದು ಕಾಲಮ್ಮು ಕೊಡಿ ಅಂತ ಮೇಲಿನವರಿಗೆ ಎರಡು ಸಲ ಬರೆದೆ. ಅಚ್ಚು ಹಾಕಿಸಿರೋ ಪುಸ್ತಕ ಮುಗೀಲಿ ಅಂದ್ರು. ಮುಗೀಲಿಲ್ಲ."

ಅವಳು ಹಣೆಗೆ ಅಂಗೈ ಒತ್ತಿಕೊಂಡಳು. ಯಾರಿಗೆ ಬೈಯಬೇಕೆಂದು ತಿಳಿಯಲಿಲ್ಲ. ಅವನಿಗೆ ಬೈದರೆ ಅಮ್ಮನ ಫೋನು ಬರುತ್ತದೆ. ತನಗೇ ಬೈದುಕೊಳ್ಳಲು ಸೋಮವಾರದ ನಂತರ ಬೇಕಾದಷ್ಟು ಸಮಯವಿದೆ. ಆಮೇಲೆ ಏನೋ ನೆನಪಾಗಿ ತಲೆಯೆತ್ತಿದಳು.

"ಹನ್ನೊಂದು ಅಂದ್ಯಲ್ಲ. ಹನ್ನೆರಡನೇದು? ಅದಕ್ಕೆ ಹಾಕಿಲ್ವಾ?"

"ಅದು ಗಟ್ಟಿ ಇತ್ತು ಅಂತ ಬಿಟ್ಟಿದ್ದೆ."

"ಅದೊಂದು ಸಾಕು ಮಾವ." ಎದ್ದೇ ನಿಂತಳು. "ಅದರಲ್ಲಿ ಹಸು ಇಲ್ಲ ಅಂದ್ರೂ ಸರಿ, ಇದೆ ಅಂದ್ರೂ ಸರಿ. ನಿಜ ಯಾವುದು ಅಂತಾದ್ರೂ ಗೊತ್ತಾಗುತ್ತೆ. ಸೋಮವಾರಕ್ಕೆ ಒಂದು ಮಾತು ಬರೆದು ವಾಯಿದೆ ಕೇಳ್ತೀನಿ. ಎಲ್ಲಿದೆ?"

ಅವನು ಪಾತ್ರೆಯ ಕೆಳಗಿನ ಒಲೆ ಆರಿಸಿದ, ಚಮಚವನ್ನು ಅಂಚಿಗೆ ತಟ್ಟಿ ಪಕ್ಕಕ್ಕಿಟ್ಟ. ಅವಳೇ ಅವನ ಕಣ್ಣು ಹೋದ ಕಡೆ ನೋಡಿದಳು. ಕಪಾಟಿನ ಪಕ್ಕದ ತಂತಿ ಚೌಕಟ್ಟಿನ ಮೇಲೆ ದೊಡ್ಡ ಬುರುಡೆ ತಲೆಕೆಳಗಾಗಿ ಕೂತಿತ್ತು. ಕೊಂಬಿನ ಬುಡದಿಂದ ಕಂದು ಹನಿಗಳು ಕೆಳಗಿಟ್ಟ ಬೋಗುಣಿಗೆ ಒಂದೊಂದಾಗಿ ಬೀಳುತ್ತಿದ್ದವು.

"ಬುಧವಾರ ರಜೆ ಇತ್ತಲ್ಲ, ಅವತ್ತು ಕಾಯಿಸಿ ಮುಳುಗಿಸಿದ್ದೆ," ಎಂದ ಮಾವ. "ಕಿವಿ ಹತ್ರ ಸಣ್ಣ ಬಿರುಕು ಕಾಣಿಸ್ತು. ಕೊನೇದು, ನಿನಗೆ ಬೇಕಾಗುತ್ತೆ, ಹಾಳಾಗಬಾರದು ಅಂತ."

ಅವಳು ಮೇಜಿನ ಮೇಲಿದ್ದ ರಿಜಿಸ್ಟರು ಎಳೆದುಕೊಂಡು ಪೆನ್ನು ತೆಗೆದಳು. ಹೋದದ್ದು ಎಂಬ ಕಾಲಮ್ಮಿನಲ್ಲಿ ಬರೆದಳು: ತಲೆಬುರುಡೆ ಹನ್ನೆರಡು, ಕಿವಿಯ ಎಲುಬು ಇಪ್ಪತ್ತೆರಡು, ವರ್ಷ ನಾಲ್ಕು.