ಹೊಡೆಯದ ಅಲಾರಂ

"ನಿಮ್ಮ ಯುಪಿಎಸ್ ನಮ್ಮವ್ವನ್ನ ಕೊಂದು ಹಾಕೇತಿ," ಎಂದ ಚನ್ನವೀರ, ರಿಪೇರಿಗೆ ಬಂದವನಿಗೆ.

ಕರೆಂಟು ಗಳಿಗೆಗೊಮ್ಮೆ ಹೋಗಿಬರುವ ಊರದು. ಹೋದೊಡನೆ ಯುಪಿಎಸ್ಸು ಗೋಡೆಯ ಪುಟ್ಟ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸಬೇಕು, ಅದು ಅವನ ದಿಂಬಿನ ಪಕ್ಕದ ಅಲಾರಂ ಹೊಡೆಯಬೇಕು. ಬ್ಯಾಟರಿ ಮುಗಿದು ತಾಯಿಯ ಆಕ್ಸಿಜನ್ ಯಂತ್ರ ನಿಂತ ರಾತ್ರಿ ಅವನಿಗೆ ಎಚ್ಚರವೇ ಆಗಲಿಲ್ಲ.

ರಿಪೇರಿಯವನು ಒಂದೊಂದೇ ವಾಯರು ಬಿಚ್ಚಿ ನೋಡಿದ.

"ಯುಪಿಎಸ್ಸು, ಕಂಪ್ಯೂಟರು ಎರಡೂ ಚಲೋ ಮಾತಾಡಾಕತ್ತಾವ್ರೀ ಸರ."

"ಸುಳ್ಳು! ಮತ್ತ ಅವತ್ತ ಯಾಕ ಹೊಡೀಲಿಲ್ಲ?"

"ತಡೀರಿ, ನಿಮ್ಮೆದುರಿಗೇ ಮೇನ್ ಬಂದ್ ಮಾಡ್ತೀನಿ."

ಫ್ಯಾನು ನಿಂತಿತು. ಅಲಾರಂ ಮನೆ ಹಾರಿಹೋಗುವಂತೆ ಅರಚಿತು. ಚನ್ನವೀರ ತನ್ನ ಮಂಚದ ಮೇಲೆ ಕೂತು ತಾಯಿಯ ಖಾಲಿ ಹಾಸಿಗೆಯನ್ನೇ ನೋಡುತ್ತಿದ್ದ. ಅವನ ಕೈ, ದಿನಾ ರಾತ್ರಿಯ ರೂಢಿಯಂತೆ, ತಾನಾಗಿ ದಿಂಬಿನ ಪಕ್ಕಕ್ಕೆ ಹೋಗಿ ಗುಂಡಿ ಒತ್ತಿ ಅದನ್ನು ಸುಮ್ಮನಾಗಿಸಿತು.